ಅತ್ತಿಯ ಸಹಿ, ಗೇಲ್ ಓಮ್ವೆಟ್ ಮತ್ತು ನನ್ನ ನಾಲ್ಕನೆಯ ಅಧ್ಯಾಯ

ಕಳೆದ ಯುಗಾದಿಗೆ ಊರಿಗೆ ಹೋದಾಗ ಪಡಸಾಲೆಯಲ್ಲಿ ಅಪ್ಪ, ಕಾಕಾ ಮತ್ತು ಅಥಣಿಯಿಂದ ಬಂದಿದ್ದ ಬಾಂಡ್ ರೈಟರ್ ಕೂತಿದ್ದರು. ನಡುವೆ ಚಾಪೆಯ ಮೇಲೆ ಹೊಲದ ಉತಾರ, ಆಧಾರ್ ಕಾರ್ಡಿನ ಝೆರಾಕ್ಸ್ ಹಾಳೆಗಳು, ಅರ್ಧ ಕುಡಿದಿಟ್ಟ ಚಹಾದ ಕಪ್ಪುಗಳು. ನಾನು ಬ್ಯಾಗು ಇಳಿಸುವ ಹೊತ್ತಿಗೆ ಅಪ್ಪ ಅಡುಗೆಮನೆಯ ಕಡೆ ತಿರುಗಿ ಅತ್ತಿಯನ್ನು ಕರೆದ. ಅತ್ತಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಬಾಗಿಲ ಹತ್ತಿರವೇ ನಿಂತಳು.

"ಸೋಮವಾರ ಅಥಣಿಗೆ ಹೋಗೂದೈತಿ. ಒಂದ ಸಹಿ, ಅಷ್ಟ," ಅಂದ ಅಪ್ಪ.

ಅಜ್ಜ 2019ರಲ್ಲಿ ತೀರಿಕೊಂಡ ಮೇಲೆ ವಾರಸಾ ಆಗಿ ನಮ್ಮ ಹೊಲದ ಉತಾರದಲ್ಲಿ ಮೂರು ಹೆಸರು ಬಂದಿದ್ದವು: ಅಪ್ಪನದು, ಕಾಕಾನದು, ಅತ್ತಿಯದು. ಡ್ರಿಪ್ ಹಾಕಿಸಲು ಸಾಲ ಬೇಕಿತ್ತು. ಉತಾರದಲ್ಲಿ ಹೆಸರಿದ್ದವರೆಲ್ಲ ಸಹಿ ಮಾಡಬೇಕು ಅಂತ ಬ್ಯಾಂಕಿನವರು ಅಂದಿದ್ದರು. ಪ್ರತಿ ಸಲ ಆಕೆಯನ್ನು ಯಾಕೆ ಕರೆದುಕೊಂಡು ತಿರುಗುವುದು, ಒಮ್ಮೆ ಹಕ್ಕುಬಿಡುಗಡೆ ಪತ್ರ ಮಾಡಿಸಿಬಿಟ್ಟರೆ ಮುಗಿಯಿತು ಎಂದು ಅಣ್ಣತಮ್ಮಂದಿರು ತೀರ್ಮಾನಿಸಿದ್ದರು. ಇದರಲ್ಲಿ ದುಷ್ಟತನವೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನನ್ನ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇತ್ತು. ಅದರೊಳಗೆ ನನ್ನ ಪಿಎಚ್.ಡಿ.ಯ ನಾಲ್ಕನೆಯ ಅಧ್ಯಾಯವಿತ್ತು. ಗಡಿಭಾಗದ ಹಳ್ಳಿಗಳಲ್ಲಿ ಗಂಡ ಬಿಟ್ಟ ಹೆಂಗಸರು ಮತ್ತು ಭೂಮಿಯ ಹಕ್ಕು ಎಂಬುದು ಅದರ ವಿಷಯ. 42 ಹೆಂಗಸರನ್ನು ಮಾತಾಡಿಸಿ ಬರೆದದ್ದು. ಆ 42ರಲ್ಲಿ ಅತ್ತಿ ಇರಲಿಲ್ಲ. ಮನೆಯವರನ್ನು ಸೇರಿಸಿದರೆ ಅಧ್ಯಯನದ ವಸ್ತುನಿಷ್ಠತೆ ಕೆಡುತ್ತದೆ ಎಂದು ಕಲಿಸಿದ್ದರು, ನಾನೂ ಒಪ್ಪಿದ್ದೆ. ಆ ಸಂಜೆ ನಾನು ಏನೂ ಮಾತಾಡಲಿಲ್ಲ. ಹೋಳಿಗೆ ತಿಂದು ಮಲಗಿದೆ.

ನಮ್ಮ ಕಡೆ ಇಂಥವರಿಗೆ 'ಗಂಡ ಬಿಟ್ಟಾಕಿ' ಅನ್ನುತ್ತಾರೆ. ಗಂಡ ಆಕೆಯನ್ನು ಬಿಟ್ಟನೋ, ಆಕೆ ಗಂಡನನ್ನು ಬಿಟ್ಟಳೋ, ಆ ಮಾತಿನಿಂದ ಗೊತ್ತಾಗುವುದಿಲ್ಲ. ಕೇಳುವವರು ಮಾತ್ರ ಆಕೆಯೇ ಬಿಟ್ಟು ಬಂದಳು ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ನನ್ನ ಅತ್ತಿಗೆ 1989ರಲ್ಲಿ, 19ನೆಯ ವಯಸ್ಸಿಗೆ ಮದುವೆಯಾಯಿತು. ಮೂರು ವರ್ಷದ ನಂತರ ಪಂಚಮಿಗೆ ತವರಿಗೆ ಬಂದವಳನ್ನು ಕರೆಯಲು ಯಾರೂ ಬರಲಿಲ್ಲ. ಅಷ್ಟೇ ಕಥೆ. ಅದಕ್ಕೆ ಮರಾಠಿಯಲ್ಲಿ 'ಪರಿತ್ಯಕ್ತಾ' ಎಂಬ ಶಬ್ದವಿದೆ, ತ್ಯಜಿಸಲ್ಪಟ್ಟವಳು. ಯಾರು ಯಾರನ್ನು ಬಿಟ್ಟರು ಎಂಬುದರಲ್ಲಿ ಅನುಮಾನವೇ ಉಳಿಯದ ಶಬ್ದ. ನನಗೆ ಈ ಶಬ್ದ ಸಿಕ್ಕಿದ್ದು ಮರಾಠಿಯವರಿಂದಲ್ಲ, ಅಮೆರಿಕದಲ್ಲಿ ಹುಟ್ಟಿದ ಒಬ್ಬ ಸಮಾಜಶಾಸ್ತ್ರಜ್ಞೆಯ ಬರಹದಿಂದ.

ಗೇಲ್ ಓಮ್ವೆಟ್ ತೀರಿಕೊಂಡದ್ದು 2021ರ ಆಗಸ್ಟ್ 25ರಂದು. ಆಗ ನಾನು ಎಂ.ಎ. ವಿದ್ಯಾರ್ಥಿನಿ, ಕೊರೊನಾದ ಕಾಲ, ಮಾಳಿಗೆಯ ಮೇಲೆ ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದೆ. ಆ ದಿನ ಮೇಷ್ಟ್ರು ಐದು ನಿಮಿಷ ಅವರ ಬಗ್ಗೆ ಮಾತಾಡಿದರು. ಸಾಂಗ್ಲಿ ಜಿಲ್ಲೆಯ ಕಾಸೇಗಾಂವದಲ್ಲಿ ತೀರಿಕೊಂಡರು ಅಂದಾಗ ನಾನು ತಲೆಯೆತ್ತಿದೆ. ಸಾಂಗ್ಲಿ ನಮಗೆ ದೂರದ ಊರಲ್ಲ. ನಮ್ಮ ಕಡೆಯ ಬಾಣಂತಿಯರು, ಹೃದಯದ ರೋಗಿಗಳು, ಅರಿಶಿಣ ಮಾರುವವರು ಎಲ್ಲರೂ ಹೋಗುವುದು ಮೀರಜ್-ಸಾಂಗ್ಲಿಗೇ. ಪಠ್ಯದಲ್ಲಿ ಬರುವ ಸಮಾಜಶಾಸ್ತ್ರಜ್ಞರು ದೆಹಲಿಯಲ್ಲೋ ಷಿಕಾಗೋದಲ್ಲೋ ಇರುತ್ತಾರೆ ಎಂದುಕೊಂಡಿದ್ದ ನನಗೆ, ಪಕ್ಕದ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾಲ್ಕು ದಶಕ ಬಾಳಿದ ಒಬ್ಬಾಕೆ ಇದ್ದಳು ಎಂದು ಗೊತ್ತಾದದ್ದು ಆಕೆ ಸತ್ತ ದಿನ.

ಅವರು ಹುಟ್ಟಿದ್ದು 1941ರ ಆಗಸ್ಟ್ 2ರಂದು, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. 1960ರ ದಶಕದಲ್ಲಿ ಒಮ್ಮೆ ಇಂಗ್ಲಿಷ್ ಕಲಿಸಲು ಫುಲ್‌ಬ್ರೈಟ್ ನೆರವಿನಲ್ಲಿ ಭಾರತಕ್ಕೆ ಬಂದು ಹೋದರು. ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸಂಶೋಧನೆಗೆ ಸೇರಿಕೊಂಡರು. ವಿಯೆಟ್ನಾಂ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಿದ್ದ ಕಾಲ, ಜಾಗವೂ ಅದೇ. 1970ರ ಹೊತ್ತಿಗೆ ಕ್ಷೇತ್ರಕಾರ್ಯಕ್ಕೆಂದು ಮಹಾರಾಷ್ಟ್ರಕ್ಕೆ ಬಂದವರು ಹಿಡಿದದ್ದು ಬ್ರಾಹ್ಮಣೇತರ ಚಳವಳಿಯನ್ನು. 1873ರಲ್ಲಿ ಜ್ಯೋತಿಬಾ ಫುಲೆ ಸತ್ಯಶೋಧಕ ಸಮಾಜ ಕಟ್ಟಿದಲ್ಲಿಂದ 1930ರವರೆಗಿನ ಕಥೆ. ನೌಕರಿಗಾಗಿ ನಡೆದ ಜಗಳ, ಬ್ರಿಟಿಷರ ಬಾಲ ಹಿಡಿದವರ ರಾಜಕಾರಣ ಎಂದು ಬದಿಗೆ ಸರಿಸಲಾಗಿದ್ದ ಚಳವಳಿ ಅದು. ಅದರೊಳಗೆ ಹಳ್ಳಿಯ ರೈತರ, ಶೂದ್ರಾತಿಶೂದ್ರರ ಒಂದು ಸಾಂಸ್ಕೃತಿಕ ಬಂಡಾಯವಿತ್ತು ಎಂಬುದು ಅವರ ವಾದ. 1971ರ ಸೆಪ್ಟೆಂಬರಿನಲ್ಲಿ, 30 ತುಂಬಿದ ಮರುತಿಂಗಳು, ಫುಲೆಯ ಬಗ್ಗೆ ಅವರ ಲೇಖನ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಬಂತು. ಇಂಗ್ಲಿಷ್ ಓದುವ ಎಷ್ಟೋ ಮಂದಿಗೆ ಫುಲೆ ಒಬ್ಬ ಚಿಂತಕ ಎಂದು ತಿಳಿದದ್ದು ಅಲ್ಲಿಂದಲೇ ಇರಬೇಕು. 1973ರಲ್ಲಿ ಡಾಕ್ಟರೇಟ್ ಸಿಕ್ಕಿತು. 1976ರಲ್ಲಿ ಥೀಸಿಸ್ಸು ಪುಸ್ತಕವಾಗಿ ಮುಂಬೈಯಲ್ಲಿ ಅಚ್ಚಾಯಿತು. ನಾನು ಇನ್ನೂ 30 ಮುಟ್ಟಿಲ್ಲ, ಈ ಲೆಕ್ಕ ಹಾಕುವಾಗಲೆಲ್ಲ ಹೊಟ್ಟೆಯಲ್ಲಿ ಸಣ್ಣ ಸಂಕಟವಾಗುತ್ತದೆ.

ಇಲ್ಲಿಯವರೆಗಿನದು ಯಾವ ಒಳ್ಳೆಯ ಸಂಶೋಧಕರ ಬದುಕಾದರೂ ಆಗಬಹುದಿತ್ತು. ಕ್ಷೇತ್ರಕಾರ್ಯ ಮುಗಿಸಿ ಊರಿಗೆ ಮರಳಿ, ಅದರ ಬಲದ ಮೇಲೆ ಕೆಲಸ ಹಿಡಿದು, ಮುಂದೆ ರಜೆಯಲ್ಲಿ ಆಗಾಗ ಬಂದು ಹೋಗುವುದು ನಡೆದು ಬಂದ ದಾರಿ. ಈಕೆ ಕ್ಷೇತ್ರಕ್ಕೇ ಸೊಸೆಯಾಗಿ ಬಂದರು. ವೈದ್ಯಕೀಯ ಓದಿ ಪೂರ್ಣಾವಧಿ ಕಾರ್ಯಕರ್ತರಾಗಿದ್ದ ಭರತ್ ಪಾಟಣಕರ್ ಅವರನ್ನು ಮದುವೆಯಾದರು, ಕಾಸೇಗಾಂವದ ಅವರ ಮನೆಯಲ್ಲಿ ನೆಲೆಸಿದರು, 1983ರಲ್ಲಿ ಭಾರತದ ಪೌರತ್ವ ಪಡೆದರು. ಅವರಿಗೆ ಶಲಾಕಾ ಪಾಟಣಕರ್ ಎಂಬ ಹೆಸರೂ ಇತ್ತು. ಅತ್ತೆ ಇಂದುತಾಯಿ ಪಾಟಣಕರ್, 1940ರ ದಶಕದಲ್ಲಿ ಸಾತಾರಾದ ಪ್ರತಿ ಸರ್ಕಾರದಲ್ಲಿ, ಅಂದರೆ ಕ್ರಾಂತಿಸಿಂಹ ನಾನಾ ಪಾಟೀಲರು ಬ್ರಿಟಿಷರಿಗೆ ಎದುರಾಗಿ ಕಟ್ಟಿದ್ದ ಸಮಾಂತರ ಸರ್ಕಾರದಲ್ಲಿ, ಕೆಲಸ ಮಾಡಿದವರು. ಸೊಸೆ ಬರ್ಕ್ಲಿಯವಳು, ಅತ್ತೆ ಭೂಗತ ಚಳವಳಿಯವಳು. ಆ ಮನೆಯ ಅಡುಗೆಮನೆಯಲ್ಲಿ ಏನೇನು ಮಾತು ನಡೆದಿರಬಹುದು ಎಂದು ನನಗೆ ಬಹಳ ಕುತೂಹಲ.

ಕಾಯಂ ಪ್ರೊಫೆಸರಿಕೆ ಹಿಡಿದು ಕೂರಲಿಲ್ಲ. ಪುಣೆಯಲ್ಲಿ ಸ್ವಲ್ಪ ಕಾಲ ಫುಲೆ-ಅಂಬೇಡ್ಕರ್ ಪೀಠ, ಭುವನೇಶ್ವರದಲ್ಲಿ ಸ್ವಲ್ಪ ಕಾಲ, ಕೋಪನ್‌ಹೇಗನ್ನಿನಲ್ಲಿ ಸ್ವಲ್ಪ ಕಾಲ. ಉಳಿದಂತೆ ಬರೆದು ಬದುಕಿದರು, 20ಕ್ಕೂ ಹೆಚ್ಚು ಪುಸ್ತಕ, ಪತ್ರಿಕೆಗಳಿಗೆ ಅಂಕಣ. ಇದನ್ನು ತ್ಯಾಗ ಎಂದು ಹೊಗಳುವುದು ನನಗೆ ಇಷ್ಟವಿಲ್ಲ. ಐದು ವರ್ಷದ ಫೆಲೋಶಿಪ್ಪಿನ ಕೊನೆಯ ವರ್ಷದಲ್ಲಿ ನಿಂತಿರುವ ನನಗೆ ಸಂಬಳವಿಲ್ಲದ ವಿದ್ವತ್ತಿನ ಬಗ್ಗೆ ಕಾವ್ಯಮಯವಾಗಿ ಯೋಚಿಸಲು ಬರುವುದಿಲ್ಲ. ಆದರೆ ಒಂದು ಮಾತು ನಿಜ. ಯಾವ ಹೆಂಗಸರ ಬಗ್ಗೆ ಬರೆದರೋ ಆ ಹೆಂಗಸರು ಮರುದಿನ ಬೆಳಿಗ್ಗೆ ಅವರ ಬಾಗಿಲಿಗೆ ಬಂದು ಕೇಳಬಹುದಿತ್ತು. ನನ್ನ 42 ಹೆಂಗಸರಿಗೆ ಧಾರವಾಡದ ಹಾಸ್ಟೆಲ್ಲಿನ ವಿಳಾಸ ಗೊತ್ತಿಲ್ಲ.

ಅವರ ಹೋರಾಟಗಳಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಪರಿತ್ಯಕ್ತೆಯರದೇ. 1980ರ ದಶಕದಲ್ಲಿ ಸಾಂಗ್ಲಿ, ಸಾತಾರಾ ಜಿಲ್ಲೆಗಳಲ್ಲಿ ಸ್ತ್ರೀ ಮುಕ್ತಿ ಸಂಘರ್ಷ ಚಳವಳಿ ಇವರನ್ನು ಸಂಘಟಿಸಿತು. ನಗರದ ಮಹಿಳಾ ಸಂಘಟನೆಗಳು ವರದಕ್ಷಿಣೆ, ಅತ್ಯಾಚಾರಗಳ ವಿರುದ್ಧ ಹೋರಾಡುತ್ತಿದ್ದ ಕಾಲ ಅದು, ಅವು ಬೇಕಾದ ಹೋರಾಟಗಳೇ. ಹಳ್ಳಿಯ ಈ ಹೆಂಗಸರು ಕೇಳಿದ್ದು ಬೇರೆ: ತಮ್ಮದೇ ಹೆಸರಿನ ರೇಷನ್ ಕಾರ್ಡು, ತಮ್ಮದೇ ಹೆಸರಿನ ಒಂದು ತುಂಡು ಜಾಗ. ಮೊದಲ ಸಲ ಓದಿದಾಗ, ಇಷ್ಟೇನಾ ಅನಿಸಿತ್ತು. ಆಮೇಲೆ ಅಡುಗೆಮನೆಯಲ್ಲಿ ಕೂತಿದ್ದ ಅತ್ತಿಯನ್ನು ನೋಡಿದೆ. 30 ವರ್ಷದಿಂದ ಆಕೆಯ ಹೆಸರು ನಮ್ಮ ರೇಷನ್ ಕಾರ್ಡಿನ ಕೊನೆಯ ಸಾಲಿನಲ್ಲಿದೆ, ನನ್ನ ಮತ್ತು ನನ್ನ ತಮ್ಮನ ಹೆಸರಿನ ಕೆಳಗೆ. ಆಕೆ ಬಂದಾಗ ನಾವು ಹುಟ್ಟಿರಲೇ ಇಲ್ಲ.

ಇನ್ನೊಂದು ಕಥೆ ನೀರಿನದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಆ ನೀರು ನಮ್ಮೂರಿಗೂ ಬರುತ್ತದೆ. ಸಾಂಗ್ಲಿ ಜಿಲ್ಲೆಯ ಖಾನಾಪುರ ತಾಲೂಕು (ನಮ್ಮ ಖಾನಾಪುರವಲ್ಲ) ಬರದ ಸೀಮೆ. ಅಲ್ಲಿನ ಗಂಡಸರು ಮುಂಬೈ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಇವರು ಊರಿಗೆ ಮರಳಿದರು. ಊರಿನಲ್ಲಿ ನೀರಿಲ್ಲ. ಯೇರಳಾ ನದಿ ಬತ್ತಿದೆ, ಅದರ ಮರಳನ್ನು ಗುತ್ತಿಗೆದಾರರು ಲಾರಿಗಟ್ಟಲೆ ಸಾಗಿಸುತ್ತಿದ್ದಾರೆ. ಮರಳು ಹೋದ ಹಾಗೆ ಬಾವಿಗಳೂ ಬತ್ತುತ್ತಿವೆ. ಮುಕ್ತಿ ಸಂಘರ್ಷ ಎಂಬ ಹೆಸರಿನಲ್ಲಿ ಒಟ್ಟಾದ ಜನ ಮರಳು ಸಾಗಣೆಯ ವಿರುದ್ಧ ನಿಂತರು. ಆಮೇಲೆ ಬಲವಡಿ ಮತ್ತು ತಾಂದುಳವಾಡಿಯ ರೈತರು ಆ ನದಿಗೆ ತಾವೇ ಒಂದು ಸಣ್ಣ ಅಣೆಕಟ್ಟು ಕಟ್ಟುತ್ತೇವೆ ಅಂದರು. ದುಡ್ಡು ಎಲ್ಲಿಂದ? ಅದೇ ಮರಳಿನ ಸ್ವಲ್ಪ ಭಾಗವನ್ನು ತಾವೇ ಮಾರಿ, ಉಳಿದದ್ದು ಶ್ರಮದಾನ, ಹಿತೈಷಿಗಳ ನೆರವು. ಭರತ್ ಪಾಟಣಕರ್ ಅದರ ಮುಂಚೂಣಿಯಲ್ಲಿದ್ದರು, ಗೇಲ್ ಅದರ ಬಗ್ಗೆ ಮತ್ತೆ ಮತ್ತೆ ಬರೆದರು.

ನೀರು ಹಂಚುವ ನಿಯಮವೇ ಅದರ ದೊಡ್ಡ ಸಂಗತಿ. ಹೊಲ ಎಷ್ಟಿದೆ ಎಂದು ನೋಡಿ ನೀರಲ್ಲ, ಎಲ್ಲರಿಗೂ ಸಮಪಾಲು. ಭೂಮಿಯಿಲ್ಲದವರಿಗೂ ಪಾಲು. ಹೊಲವಿಲ್ಲದವನು ನೀರು ತಗೊಂಡು ಏನು ಮಾಡುತ್ತಾನೆ ಎಂದು ನಮ್ಮ ಕಾಕಾ ಕೇಳಿದ್ದ, ನಾನು ಈ ಕಥೆ ಹೇಳಿದಾಗ. ಹೊಲವಿದ್ದು ನೀರಿಲ್ಲದವನ ಜೊತೆ ಪಾಲಿಗೆ ಬೀಳಬಹುದು. ಅವನ ಹೊಲ, ಇವನ ನೀರು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾವು ಅವರ ಮನಿ ಬಾಗಲಿಗೆ ಹೋಗಿ ನೀರ ಕೇಳಬೇಕಾಕ್ಕೈತಿ," ಅಂದ. ಸಮಾಜಶಾಸ್ತ್ರದ ಯಾವ ತರಗತಿಯಲ್ಲೂ ಈ ನಿಯಮವನ್ನು ಇಷ್ಟು ಬೇಗ ಅರ್ಥ ಮಾಡಿಕೊಂಡವರನ್ನು ನಾನು ನೋಡಿಲ್ಲ.

ಆ ಅಣೆಕಟ್ಟಿಗೆ ಇಟ್ಟ ಹೆಸರು ಬಳಿರಾಜಾ ಸ್ಮೃತಿ ಧರಣ. ಬಲಿರಾಜ, ನಾವು ದೀಪಾವಳಿಯಲ್ಲಿ ಸಗಣಿಯಲ್ಲಿ ಮಾಡಿ ಹೂವಿಟ್ಟು ಪೂಜಿಸುವ ಬಲೀಂದ್ರನೇ. ಪುರಾಣದಲ್ಲಿ ವಾಮನನ ಕಾಲ ಕೆಳಗೆ ಹೋದವನನ್ನು ಫುಲೆ ರೈತರ ರಾಜ ಎಂದು ತಿರುಗಿಸಿ ಓದಿದ್ದರು, ವಾಮನನನ್ನು ಮೋಸದಿಂದ ರಾಜ್ಯ ಕಸಿದವನು ಎಂದು. ಗೇಲ್ ಅದನ್ನು 1970ರಲ್ಲಿ ಹಳೆಯ ಮರಾಠಿ ಕಾಗದಗಳಲ್ಲಿ ಹುಡುಕಿ ಓದಿದ್ದರು. ಇಪ್ಪತ್ತು ವರ್ಷದೊಳಗೆ ಅದು ಒಂದು ಒಡ್ಡಿನ ಹೆಸರಾಗಿತ್ತು. ಅವರ ಥೀಸಿಸ್ಸಿನಿಂದ ಹಾಗಾಯಿತು ಎಂದು ನಾನು ಹೇಳುತ್ತಿಲ್ಲ. ಬಲಿಯ ರಾಜ್ಯ ಬರಲಿ ಎಂದು ಹರಸುವುದು ಅಲ್ಲಿಯ ಹೆಂಗಸರಿಗೆ ಯಾವ ಥೀಸಿಸ್ಸೂ ಇಲ್ಲದೆ ಗೊತ್ತಿತ್ತು. ಆದರೆ ತಾನು ಓದಿದ್ದು ಮತ್ತು ಜನ ಕಟ್ಟಿದ್ದು ಒಂದೇ ಕಡೆ ಬಂದು ನಿಲ್ಲುವುದನ್ನು ಕಣ್ಣಾರೆ ನೋಡುವ ಭಾಗ್ಯ ಎಷ್ಟು ಜನ ಸಂಶೋಧಕರಿಗೆ ಸಿಕ್ಕೀತು? ಯೇರಳಾ ಮುಂದೆ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಸಾಂಗ್ಲಿ ದಾಟಿ ಬೆಳಗಾವಿ ಜಿಲ್ಲೆಗೆ ಬರುತ್ತಾಳೆ.

ಕನ್ನಡದಲ್ಲಿ ಓದುವವರು ಅವರ 1994ರ ಪುಸ್ತಕ 'ದಲಿತ್ಸ್ ಅಂಡ್ ದಿ ಡೆಮಾಕ್ರಟಿಕ್ ರೆವಲ್ಯೂಷನ್' ಅನ್ನು ನೋಡಬೇಕು. ಮಹಾರಾಷ್ಟ್ರ, ಹೈದರಾಬಾದ್ ಸಂಸ್ಥಾನಗಳ ಜೊತೆಗೆ ಮೈಸೂರನ್ನೂ ಇಟ್ಟು ನೋಡಿದ್ದಾರೆ. 1918ರ ಮಿಲ್ಲರ್ ಸಮಿತಿಯನ್ನು ನಾವು ಅರಮನೆಯ ಔದಾರ್ಯ ಎಂದು ಓದಿಕೊಂಡು ಬಂದವರು. ಕೆಳಗಿನಿಂದ ನೋಡಿದರೆ ಅದು ಹೇಗೆ ಕಾಣುತ್ತದೆ, ಮೇಲಿನವರೇ ಕೊಟ್ಟ ಸುಧಾರಣೆಯಿಂದ ದಲಿತರ ಸ್ವತಂತ್ರ ಚಳವಳಿಗೆ ಏನಾಯಿತು ಎಂದು ಕೇಳುವುದನ್ನು ನನಗೆ ಕಲಿಸಿದ್ದು ಆ ಪುಸ್ತಕ.

ಈ ಪ್ರಶ್ನೆ ನನ್ನ ಕ್ಷೇತ್ರಕಾರ್ಯದಲ್ಲಿ ಮುಖಕ್ಕೆ ಹೊಡೆದ ಹಾಗೆ ಎದುರಾಯಿತು. ಒಂದು ಹಳ್ಳಿಯ ದಲಿತ ಕೇರಿಯಲ್ಲಿ ಕಬ್ಬು ಕಡಿಯುವ ಹೆಂಗಸೊಬ್ಬಳನ್ನು ಮಾತಾಡಿಸುತ್ತಿದ್ದೆ. ಗಂಡ ಇನ್ನೊಬ್ಬಳ ಜೊತೆ ಇಚಲಕರಂಜಿಯಲ್ಲಿ. ನನ್ನ ಪ್ರಶ್ನಾವಳಿಯ 17ನೆಯ ಪ್ರಶ್ನೆ, ತವರಿನ ಆಸ್ತಿಯಲ್ಲಿ ನಿಮ್ಮ ಪಾಲನ್ನು ಬಿಟ್ಟುಕೊಟ್ಟಿದ್ದೀರಾ? ಆಕೆ ನಕ್ಕಳು. "ಬಿಡಾಕರ ಏನರ ಇರಬೇಕಲ್ಲ ಅಕ್ಕಾರ. ನಿಮ್ಮಂಥಾರು ಹೊಲ ಬಿಡತೀರಿ, ನಾವು ಬರೇ ಗಂಡನ್ನ ಬಿಡತೀವಿ." ನನ್ನ ಇಡೀ ಸಂಶೋಧನೆ ಹೊಲವಿದ್ದವರ ಮನೆಯಿಂದ ಹೊರಟಿತ್ತು. ನಾಲ್ಕೂವರೆ ಎಕರೆಯ ಒಕ್ಕಲುತನದ ಮನೆಯ ಮಗಳು ಕೇಳಬಹುದಾದ ಪ್ರಶ್ನೆ ಅದು. ಭೂಮಿಯಿಲ್ಲದವರಿಗೂ ನೀರಿನ ಪಾಲು ಎಂಬ ಮಾತು ಆಗ ನನಗೆ ಬೇರೆಯದೇ ರೀತಿಯಲ್ಲಿ ಕೇಳಿಸಿತು. 17ನೆಯ ಪ್ರಶ್ನೆಯನ್ನು ಬದಲಿಸಲು ನನ್ನ ಮಾರ್ಗದರ್ಶಕರ ಒಪ್ಪಿಗೆ ಬೇಕಿತ್ತು. "ಸ್ಯಾಂಪಲ್ ನಡುವೆ ಪ್ರಶ್ನೆ ಬದಲಿಸಬಾರದಮ್ಮ, ನೀನು ಚಳವಳಿ ಮಾಡ್ತಾ ಇಲ್ಲ, ಥೀಸಿಸ್ ಬರೀತಾ ಇದ್ದೀ," ಅಂದರು. ವಿಧಾನದ ದೃಷ್ಟಿಯಿಂದ ಅವರು ಹೇಳಿದ್ದು ಸರಿಯೇ.

ಗೇಲ್ ಹೇಳಿದ್ದೆಲ್ಲ ನನಗೆ ಒಪ್ಪಿಗೆಯಿಲ್ಲ. 1990ರ ದಶಕದ ಗೇಲ್ ಜೊತೆ ನಾನು ಮನಸ್ಸಿನಲ್ಲೇ ಬಹಳ ಜಗಳವಾಡಿದ್ದೇನೆ. ಎಡಪಂಥದಿಂದ ಬಂದವರು ಶರದ್ ಜೋಶಿಯವರ ಶೇತಕರಿ ಸಂಘಟನೆಯ ಪರವಾಗಿ ನಿಂತರು, ಮುಕ್ತ ಮಾರುಕಟ್ಟೆ ರೈತನಿಗೆ ಒಳ್ಳೆಯದು ಎಂಬ ಕಡೆ ವಾಲಿದರು. ನಮ್ಮ ಪ್ರೊ. ನಂಜುಂಡಸ್ವಾಮಿಯವರು ಡಂಕೆಲ್ ಪ್ರಸ್ತಾವದ ವಿರುದ್ಧ ಹೋರಾಡುತ್ತಿದ್ದಾಗ, 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಯ ಕಾಗದಗಳು ಬೀದಿಗೆ ಬಿದ್ದಾಗ, ಗಡಿಯ ಆಚೆಯ ಜೋಶಿ ಡಂಕೆಲ್ ಬರಲಿ ಅನ್ನುತ್ತಿದ್ದರು. ಹಸಿರು ಶಾಲು ಹೊದ್ದ ಅಜ್ಜನ ಮೊಮ್ಮಗಳಾದ ನನಗೆ ಗೇಲ್ ಆ ಕಡೆ ನಿಂತದ್ದು ಇಂದಿಗೂ ಅರಗುವುದಿಲ್ಲ. ಆಮೇಲೆ ಕಬ್ಬಿನ ಬಾಕಿಗಾಗಿ ಫ್ಯಾಕ್ಟರಿ ಮುಂದೆ ಕೂತ ರೈತರನ್ನು ನೋಡಿದವರಿಗೆ ಮಾರುಕಟ್ಟೆಯ ಸ್ವಾತಂತ್ರ್ಯ ಯಾರದು ಎಂದು ಗೊತ್ತು. 1999ರಲ್ಲಿ ಅರುಂಧತಿ ರಾಯ್‌ಗೆ ಬರೆದ ಬಹಿರಂಗ ಪತ್ರದಲ್ಲಿ, ಬರದ ಸೀಮೆಯ ರೈತರಿಗೆ ಅಣೆಕಟ್ಟು ಬೇಡ ಎಂದು ಹೇಳಲು ನಾವು ಯಾರು ಎಂಬ ಧಾಟಿಯಲ್ಲಿ ವಾದಿಸಿದರು. ಅಥಣಿಯ ಬರದ ಹಳ್ಳಿಯವಳಾಗಿ ಆ ವಾದದ ಅರ್ಧ ನನಗೆ ತಕ್ಷಣ ಹಿಡಿಸುತ್ತದೆ. ಮುಳುಗಿದ ಊರಿನವರ ಕಡೆಯಿಂದ ನೋಡಿದರೆ ಉಳಿದರ್ಧ ಹಿಡಿಸುವುದಿಲ್ಲ. ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರ ಹೋರಾಟವನ್ನು ಅವರದೇ ಸಂಘಟನೆ, ಶ್ರಮಿಕ ಮುಕ್ತಿ ದಳ, ಜೀವಮಾನವಿಡೀ ನಡೆಸಿತು ಎಂಬುದನ್ನೂ ಮರೆಯುವಂತಿಲ್ಲ.

ಜೋಶಿಯವರ ಸಂಘಟನೆಯಲ್ಲಿ ಗೇಲ್‌ಗೆ ಕಂಡದ್ದರಲ್ಲಿ ಒಂದನ್ನು ಮಾತ್ರ ನಾನು ತಳ್ಳಿಹಾಕಲಾರೆ. 1990ರ ಸುಮಾರಿಗೆ ಅದು ಲಕ್ಷ್ಮೀ ಮುಕ್ತಿ ಎಂಬ ಕಾರ್ಯಕ್ರಮ ನಡೆಸಿತು. ರೈತರು ತಮ್ಮ ಹೊಲದ ಒಂದು ಪಾಲನ್ನು ತಾವಾಗಿಯೇ ಹೆಂಡತಿಯ ಹೆಸರಿಗೆ ಮಾಡಿಸಬೇಕು. ಒಂದು ಊರಿನಲ್ಲಿ 100 ಮಂದಿ ಹಾಗೆ ಮಾಡಿದರೆ ಅದು ಲಕ್ಷ್ಮೀ ಮುಕ್ತಿ ಗ್ರಾಮ. ಗಂಡಸರ ದಯೆಯ ಮೇಲೆ ನಿಂತ ಕಾರ್ಯಕ್ರಮ ಎಂದು ಟೀಕಿಸಬಹುದು, ನಾನೂ ಮೂರು ಪುಟ ಟೀಕಿಸಿದ್ದೇನೆ. ಆದರೆ ಸಾಲ ಕಟ್ಟಲಾರದೆ ಸಿಟ್ಟಿಗೆದ್ದ ರೈತರಿಗೆ, ನಿಮ್ಮ ಮನೆಯ ಲಕ್ಷ್ಮಿಯ ಸಾಲ ಮೊದಲು ತೀರಿಸಿ ಎಂದು ಹೇಳಿದ ಇನ್ನೊಂದು ರೈತ ಸಂಘ ನನಗೆ ಗೊತ್ತಿಲ್ಲ.

ಗ್ರಂಥಾಲಯದ ಕೆಲಸಕ್ಕೆಂದು ಪುಣೆಗೆ ನಾಲ್ಕೈದು ಸಲ ಹೋಗಿದ್ದೇನೆ. ನಿಪ್ಪಾಣಿ, ಕೊಲ್ಹಾಪುರ ದಾಟಿ, ಪೇಠ ನಾಕಾ ಬಿಟ್ಟು ಕರಾಡ ಬರುವ ಮುಂಚೆ ಹೆದ್ದಾರಿಯಲ್ಲಿ ಕಾಸೇಗಾಂವದ ಬೋರ್ಡು ಬರುತ್ತದೆ. ಪ್ರತಿ ಸಲವೂ ಎಚ್ಚರವಾಗಿದ್ದು ನೋಡುತ್ತೇನೆ. ಒಮ್ಮೆಯೂ ಇಳಿದಿಲ್ಲ. ಇಳಿದು ಏನು ಕೇಳಲಿ? ಇಲ್ಲಿ ಒಬ್ಬಾಕೆ ಇದ್ದರಂತೆ, ಅವರ ಬಗ್ಗೆ ಓದಿದ್ದೇನೆ, ನನ್ನ ಮನೆಯಲ್ಲಿ ಮಾತಾಡಲು ನನಗೆ ಧೈರ್ಯವಿಲ್ಲ, ಏನು ಮಾಡಲಿ ಎಂದು ಕೇಳಲೇ?

ಯುಗಾದಿಯ ಮರುದಿನ, ಕರಿಯ ದಿನ, ಅತ್ತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಹಿಂಡಿ ಕೊಡುತ್ತ ಕಾನೂನು ಹೇಳಲು ಶುರುಮಾಡಿದೆ. 1994ರ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಬಿಟ್ಟಿತು. ಗಂಡನೇ ಇಲ್ಲದ ಅತ್ತಿ ಆ ಲೆಕ್ಕದಲ್ಲಿ ಮದುವೆಯಾದವಳು. 2005ರ ಕೇಂದ್ರದ ತಿದ್ದುಪಡಿ ಆ ಅಡ್ಡಿ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂದಿತು. ಅತ್ತಿ ಎಲ್ಲವನ್ನೂ ಕೇಳಿದಳು. ಅಪ್ಪನ ಧೋತರ ಎರಡು ಸಲ ಜಾಲಾಡಿಸಿದಳು.

"ಸಹಿ ಮಾಡೂದಿಲ್ಲ ಅಂತೀನಿ ಅಂತ ತಿಳಕೋ. ಮರದಿನ ನಿಮ್ಮಪ್ಪ ಇಲ್ಲಿ ನನಗ ರೊಟ್ಟಿ ಹಾಕಿಸ್ತಾನೇನ? ನೀ ಧಾರವಾಡಕ್ಕ ಕರ್ಕೊಂಡ ಹೋಗಿ ಇಟ್ಕೊಂತೀಯೇನ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಅತಿಥಿಗಳನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ರೇಷನ್ ಕಾರ್ಡು, ಒಂದು ತುಂಡು ಜಾಗ ಎಂದು ಆ ಹೆಂಗಸರು ಯಾಕೆ ಕೇಳಿದ್ದರು ಎಂದು ಆಗ ನನಗೆ ಪೂರ್ತಿ ತಿಳಿಯಿತು. ಹಕ್ಕು ಕೇಳಿದ ಮರುದಿನದ ರೊಟ್ಟಿಯ ಲೆಕ್ಕ ಅದು. ಸಾಂಗ್ಲಿಯ ಹೆಂಗಸರು ಅದನ್ನು ಒಬ್ಬೊಬ್ಬರೇ ಕೇಳಲಿಲ್ಲ, ಸಂಘವಾಗಿ ಕೇಳಿದರು. ಅತ್ತಿಯ ಕಡೆ ಇದ್ದದ್ದು ನಾನೊಬ್ಬಳು, ಅದೂ ರಜೆ ಮುಗಿಯುವವರೆಗೆ.

ಆದರೂ ಏನೋ ಆಯಿತು. ಸೋಮವಾರ ಬೆಳಿಗ್ಗೆ ಅಪ್ಪ ಗಾಡಿ ತೆಗೆಯುವಾಗ ಅತ್ತಿ ಹೊಸ್ತಿಲಲ್ಲಿ ನಿಂತು, "ಬಾವಿ ಕಡೀದು ಇಪ್ಪತ್ತ ಗುಂಟೆ ನನ್ನ ಹೆಸರಲೇ ಇರಲಿ, ಉಳದದ್ದಕ್ಕ ಸಹಿ ಹಾಕ್ತೀನಿ. ರೇಷನ್ ಕಾರ್ಡೂ ಬ್ಯಾರೆ ಮಾಡಸು," ಅಂದಳು. ಸಮಪಾಲಲ್ಲ, ಅದರ ಮೂರನೆಯ ಒಂದು ಭಾಗ. ಆದರೆ ಬಾವಿಯ ಕಡೆಯದು, ನೀರಿರುವುದು. ಇದನ್ನು ಆಕೆಗೆ ನಾನು ಹೇಳಿಕೊಟ್ಟಿರಲಿಲ್ಲ. ಎಷ್ಟು ವರ್ಷದಿಂದ ಆ 20 ಗುಂಟೆಯ ಮೇಲೆ ಕಣ್ಣಿಟ್ಟಿದ್ದಳೋ. ಕಾಕಾ ಸಿಟ್ಟಿಗೆದ್ದ. ಅಪ್ಪ ನನ್ನ ಮುಖ ನೋಡಿದ, ಗಾಡಿ ಒಳಗೆ ಹಚ್ಚಿದ. ಆಮೇಲೆ ಒಂದೂವರೆ ತಿಂಗಳು ನನ್ನ ಫೋನಿಗೆ ಅವ್ವ ಮಾತ್ರ ಬರುತ್ತಿದ್ದಳು.

ಈಗ ಪೋಡಿಗೆ ಅರ್ಜಿ ಹಾಕಿದ್ದಾರೆ. ಅಪ್ಪನೇ ಹಾಕಿದ್ದು. ಸರ್ವೆಯರ್ ಇನ್ನೂ ಬಂದಿಲ್ಲ.

ನಾಲ್ಕನೆಯ ಅಧ್ಯಾಯಕ್ಕೆ 43ನೆಯವಳಾಗಿ ಅತ್ತಿಯನ್ನು ಸೇರಿಸಲು ಅಂತೂ ಒಪ್ಪಿಗೆ ಸಿಕ್ಕಿದೆ, ಹೆಸರು ಬದಲಿಸಿರಬೇಕು ಎಂಬ ಷರತ್ತಿನ ಮೇಲೆ. ಮೊನ್ನೆ ಫೋನಿನಲ್ಲಿ ಅದನ್ನು ಹೇಳಿದೆ. ಅತ್ತಿ ರೇಗಿದಳು. "ಉತಾರದಾಗೂ ನನ್ನ ಹೆಸರ ತಗಸೂದು, ನಿನ್ನ ಬುಕ್ಕಿನ್ಯಾಗೂ ತಗಸೂದು. ಚಲೋ ಕಲತಿ ನೀ." ಸ್ವಲ್ಪ ಹೊತ್ತು ಬಿಟ್ಟು ತಾನೇ ಅಂದಳು, "ಆತು, ಸರ್ವೆ ಆಗೂತನಾ ಹಾಕಬ್ಯಾಡ. ನಿಮ್ಮ ಕಾಕಾ ಓದಿಸಿ ಕೇಳ್ಯಾನು. ಆದ ಮ್ಯಾಲ ಹಾಕು."

ಹಾಗಾಗಿ ಇಲ್ಲಿಯೂ ಹಾಕಿಲ್ಲ.